ಮುನ್ನೂರು ಯುವಾನ್ ಪರಿಹಾರ

ಮಂಗಳವಾರ ಮಧ್ಯಾಹ್ನ ಮೂರರ ಹೊತ್ತಿಗೆ ಶಾವಿಗೆ ಅಂಗಡಿಯಿಂದ ಊಟದ ಗಿರಾಕಿಗಳೆಲ್ಲ ಹೋಗಿಯಾಗಿತ್ತು. ಪಾನ್ ಲಿಛುನ್ ಬಟ್ಟಲುಗಳನ್ನು ತೊಳೆದು ಬೋರಲು ಹಾಕುತ್ತಿದ್ದಾಗ ಫೋನಿಗೆ ಸಂದೇಶ ಬಂತು.

"ಗೌರವಾನ್ವಿತ ಪ್ರಯಾಣಿಕರಾದ ಪಾನ್ ಲಿಛುನ್ ಅವರೇ, ನಾಳೆ ಬೆಳಿಗ್ಗೆ 8.10ಕ್ಕೆ ಗುಯ್‌ಯಾಂಗ್‌ನಿಂದ ಶಾಂಘೈಗೆ ಹೊರಡಬೇಕಿದ್ದ ನಿಮ್ಮ ವಿಮಾನ, ಚಕ್ರದ ದೋಷದಿಂದ ರದ್ದಾಗಿದೆ. ಬೇರೆ ವಿಮಾನಕ್ಕೆ ಟಿಕೆಟ್ ಬದಲಿಸಲು ಅಥವಾ ಹಣ ವಾಪಸ್ ಪಡೆಯಲು ಕೆಳಗಿನ ಸಂಖ್ಯೆಗೆ ಕರೆ ಮಾಡಿ. ಪ್ರತಿ ಪ್ರಯಾಣಿಕರಿಗೂ ಮುನ್ನೂರು ಯುವಾನ್ ಪರಿಹಾರ ಕೊಡಲಾಗುವುದು."

ಓದುತ್ತಿದ್ದ ಹಾಗೆ ಸೋಪಿನ ಕೈಯಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಅವಳ ಗಂಡ ವೆನ್ ದೆಫುಗೆ ಗಂಟಲಲ್ಲಿ ಗಡ್ಡೆ. ಶಾಂಘೈನ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ಎರಡು ತಿಂಗಳು ಕಾದಿದ್ದರು. ಬುಧವಾರ ಸಂಜೆ ಐದರೊಳಗೆ ದಾಖಲಾಗಬೇಕು, ಇಲ್ಲವಾದರೆ ಹಾಸಿಗೆ ಮುಂದಿನವರಿಗೆ ಹೋಗುತ್ತದೆ ಎಂದು ನರ್ಸು ಎರಡು ಸಲ ಹೇಳಿದ್ದಳು. ಆಪರೇಷನ್ ಆಗುವ ತನಕ ಮಾತೇ ಆಡಕೂಡದು, ಪಿಸುಮಾತೂ ಬೇಡ, ಒತ್ತಡ ಬಿದ್ದರೆ ಒಳಗೆ ರಕ್ತನಾಳ ಒಡೆಯಬಹುದು ಎಂದು ಇಲ್ಲಿನ ಡಾಕ್ಟರು ಎಚ್ಚರಿಸಿದ್ದರು. ನಲವತ್ತು ದಿನದಿಂದ ವೆನ್ ಮೂಕನಂತೆ ಇದ್ದ. ಏನಾದರೂ ಹೇಳಬೇಕಾದರೆ ಅಂಗಡಿಯ ದರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅವನು ಕರೆಯಬೇಕೆಂದರೆ ಸೌಟಿನಿಂದ ಬಾಣಲೆಗೆ ಬಡಿಯುತ್ತಿದ್ದ.

ಲಿಛುನ್ ಆ ಸಂಖ್ಯೆಗೆ ಫೋನ್ ಮಾಡಿದಳು. ಮೊದಲ ಗಂಟೆಗೇ ಒಬ್ಬ ಹುಡುಗಿ ಎತ್ತಿದಳು. ಜೇನಿನಂಥ ದನಿ.

"ನಮಸ್ಕಾರ ಮೇಡಂ. ಪಾನ್ ಲಿಛುನ್ ಅಲ್ವಾ? ಜೊತೆಗೆ ವೆನ್ ದೆಫು ಅವ್ರು. ಗುರುತಿನ ಚೀಟಿ ಕೊನೇ ನಾಕಂಕಿ ಎರಡು, ಏಳು, ಸೊನ್ನೆ, ಐದು. ಸರಿ ಇದ್ಯಾ?"

"ಹೂಂ, ಹೂಂ, ಸರಿಯಾಗಿದೆ. ನೋಡಮ್ಮಾ, ನಾಳೆ ಹೋಗ್ಲೇಬೇಕು ನಾವು. ನನ್ನ ಗಂಡಂಗೆ ಆಪರೇಷನ್."

"ಅಯ್ಯೋ, ಹೌದಾ?" ಹುಡುಗಿ ನಿಜವಾಗಿ ಮರುಗಿದವಳಂತೆ ಕೇಳಿದಳು. "ಒಂಬತ್ತೂವರೆ ವಿಮಾನದಲ್ಲಿ ಎರಡೇ ಎರಡು ಸೀಟಿದೆ ಮೇಡಂ. ನಾನು ಹಿಡಿದಿಟ್ಕೊಂಡಿದೀನಿ. ಆದ್ರೆ ಪರಿಹಾರದ ದುಡ್ಡು ನಿಮ್ಮ ಖಾತೆಗೆ ಹೋಗದೆ ಹಳೇ ಟಿಕೆಟ್ ಮುಚ್ಚಲ್ಲ, ಅದು ಮುಚ್ಚದೆ ಹೊಸದು ತೆರೆಯಲ್ಲ. ಬೇಗ ಮಾಡ್ಬಿಡೋಣ. ಎಷ್ಟೋ ಜನ ಕಾಯ್ತಿದಾರೆ."

ಮೊದಲು ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದಳು. ಆಮೇಲೆ ಫೋನಿನ ಪರದೆ ತನಗೂ ಕಾಣುವ ಹಾಗೆ ಒಂದು ಗುಂಡಿ ಒತ್ತಿಸಿದಳು. ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಮಗುವಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದಂತೆ ಹೇಳಿಕೊಟ್ಟಳು. ಎರಡು ಬ್ಯಾಂಕುಗಳಲ್ಲಿದ್ದ ಹಣವನ್ನು ಒಂದೇ ಕಾರ್ಡಿಗೆ ಹಾಕಿಸಿದಳು. "ಎರಡು ಕಡೆ ಇದ್ರೆ ಗಣಕಕ್ಕೆ ಗೊಂದಲ ಆಗುತ್ತೆ ಮೇಡಂ." ಒಟ್ಟು ತೊಂಬತ್ತೆರಡು ಸಾವಿರ ಯುವಾನ್. ಹದಿನೇಳು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಕ್ಕಿ ಶಾವಿಗೆ ಬೇಯಿಸಿದ ಗಳಿಕೆ.

ಲಿಛುನ್ ದಡ್ಡಿಯಲ್ಲ. ಎಲ್ಲೋ ಏನೋ ಸರಿಯಿಲ್ಲ ಎಂದು ಅನ್ನಿಸುತ್ತಲೇ ಇತ್ತು. ಆದರೆ ಅದಕ್ಕಿಂತ ದೊಡ್ಡ ಭಯ ಒಂದಿತ್ತು. ಬೇರೆಯವರು ಮಲಗಿದ ಆ ಹಾಸಿಗೆ ಅವಳ ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ.

"ಈಗ ಯಾವುದಾದ್ರೂ ಫೋನ್ ಬಂದ್ರೆ ಎತ್ತಬೇಡಿ," ಹುಡುಗಿಯ ದನಿ ಸ್ವಲ್ಪ ಬಿಗಿಯಾಯಿತು. "ಎತ್ತಿದ್ರೆ ಸಂಪರ್ಕ ಕಟ್ಟಾಗುತ್ತೆ, ಸೀಟು ಹೋಗುತ್ತೆ. ನಿಮ್ಮ ಹೆಸರಿಗೆ ಬ್ಯಾಂಕಲ್ಲಿ ಕಪ್ಪು ಚುಕ್ಕೆ ಬೀಳುತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ. ಅಲ್ಲೇನದು ಗಲಾಟೆ? ಸದ್ದಿಲ್ಲದ ಕಡೆ ಹೋಗಿ. ಬಾಗಿಲು ಹಾಕ್ಕೊಳ್ಳಿ."

ಲಿಛುನ್ ಅಂಗಡಿಯ ಹಿಂದಿನ ದಾಸ್ತಾನು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಅಟ್ಟದ ಮೇಲೆ ಮಲಗಿದ್ದ ವೆನ್‌ನ ಫೋನು ಬಡಿದುಕೊಂಡಿದ್ದು ಆಗಲೇ. ಪರದೆಯ ಮೇಲೆ ದೆಂಗ್ ಹೆಸರು. ಬೀದಿಯ ಪೊಲೀಸ್ ಠಾಣೆಯ ಹುಡುಗ, ವಾರಕ್ಕೆ ಮೂರು ದಿನ ಹುಳಿಸಾರಿನ ಶಾವಿಗೆ ತಿನ್ನಲು ಬರುವವನು. ವೆನ್ ಫೋನನ್ನು ಕಿವಿಗಿಟ್ಟ.

"ಚಿಕ್ಕಪ್ಪಾ! ಚಿಕ್ಕಮ್ಮ ಎಲ್ಲಿ? ಅವ್ರು ಈಗ ಮೋಸಗಾರರ ಜೊತೆ ಮಾತಾಡ್ತಿದಾರೆ. ಆ ಮೋಸದ ನಂಬರಿನ ಮೇಲೆ ಕಣ್ಣಿಟ್ಟಿರೋ ನಮ್ಮ ಮೇಲಿನ ಆಫೀಸಿಂದ ಐದು ಸಲ ಫೋನ್ ಮಾಡಿದಾರೆ, ಅವ್ರು ಎತ್ತುತ್ತಿಲ್ಲ. ಹೋಗಿ ಫೋನ್ ಕಿತ್ಕೊಳ್ಳಿ. ಕೇಳಿಸ್ತಾ? ಚಿಕ್ಕಪ್ಪಾ, ಏನಾದ್ರೂ ಹೇಳಿ!"

ವೆನ್ ಮಾತಾಡಕೂಡದೆಂಬುದನ್ನು ದೆಂಗ್ ಗಾಬರಿಯಲ್ಲಿ ಮರೆತಿದ್ದ. ವೆನ್ ಬಾಯಿ ತೆರೆದ, ಮುಚ್ಚಿದ. ಫೋನನ್ನು ಹಾಸಿಗೆಯ ಮೇಲೆ ಎಸೆದು ಏಣಿ ಇಳಿದು ಓಡಿದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಲ್ಲಿ ಸುರಿಯುತ್ತಿತ್ತು. ದಾಸ್ತಾನು ಕೋಣೆಯ ಬಾಗಿಲ ಹಿಂದೆ ಹೆಂಡತಿಯ ದನಿ ಕೇಳಿಸಿತು. ಅವಳು ಒಂದೊಂದೇ ಅಂಕಿ ಓದುತ್ತಿದ್ದಳು. "ನಾಲ್ಕು... ಒಂಬತ್ತು... ಒಂದು..."

ಅವನು ಬಾಗಿಲು ಬಡಿದ.

"ಸ್ವಲ್ಪ ಇರು ವೆನ್! ಟಿಕೆಟ್ ಮಾಡಿಸ್ತಿದೀನಿ!"

ಬಾಣಲೆ ತಂದು ಸೌಟಿನಿಂದ ಬಡಿದ. ಒಳಗಿನಿಂದ ಸಿಡುಕು ಬಂತು. "ಹಸಿವಾದ್ರೆ ನೀನೇ ಬಡಿಸ್ಕೋ! ಎರಡು ನಿಮಿಷ ಸುಮ್ನಿರೋಕೆ ಆಗಲ್ವಾ ನಿಂಗೆ?"

ಹೆಗಲಿಂದ ತಳ್ಳಿದ. ಅಕ್ಕಿ ಮೂಟೆಗಳನ್ನು ಇಲಿಗಳಿಂದ ಕಾಪಾಡಲು ಅವನೇ ತಗಡು ಬಡಿಸಿದ್ದ ಬಾಗಿಲು. ಅಲುಗಲಿಲ್ಲ. ಒಳಗೆ ಫೋನು ಟಿಂಗ್ ಎಂದಿತು. ದುಡ್ಡು ಹೋದಾಗ ಬ್ಯಾಂಕಿನಿಂದ ಬರುವ ಸದ್ದು ಅದು. ವೆನ್‌ಗೆ ಗೊತ್ತಿತ್ತು.

ಅವನು ಎರಡೂ ಕೈಯನ್ನು ಬಾಗಿಲಿಗೆ ಊರಿ, ಉಸಿರು ತುಂಬಿಕೊಂಡು ಕೂಗಿದ.

"ಲಿಛುನ್! ಕಳ್ಳರು!"

ಅದು ಮನುಷ್ಯನ ದನಿಯಂತಿರಲಿಲ್ಲ. ಹಳೇ ಗೋಣಿಯನ್ನು ಪರ್ರನೆ ಹರಿದ ಹಾಗಿತ್ತು. ಒಳಗಿದ್ದ ಲಿಛುನ್‌ ನಲವತ್ತು ದಿನದ ಮೇಲೆ ಗಂಡನ ದನಿ ಕೇಳಿದ್ದಳು. ಬಾಗಿಲು ತೆರೆದಾಗ ಅವನು ಬಗ್ಗಿ ಕೆಮ್ಮುತ್ತಿದ್ದ. ತುಟಿಯ ಮೇಲೆ ಕೆಂಪು ಕಂಡಿತು. ಅವಳ ಕೈಯಲ್ಲಿ ಹುಡುಗಿ ಇನ್ನೂ ಮಾತಾಡುತ್ತಲೇ ಇದ್ದಳು. "ಮೇಡಂ? ಇನ್ನೊಂದೇ ಅಂಕಿ ಮೇಡಂ. ಯಾರದು ಅಲ್ಲಿ? ಯಾರ ಮಾತೂ ಕೇಳ್ಬೇಡಿ..."

ಪರದೆ ತನ್ನಷ್ಟಕ್ಕೆ ತಾನೇ ಚಲಿಸುತ್ತಿತ್ತು. ಯಾರೂ ಮುಟ್ಟದೆ ಪುಟಗಳು ತೆರೆದುಕೊಳ್ಳುತ್ತಿದ್ದವು. ಕಾಣದ ಬೆರಳೊಂದು ತನ್ನ ಮನೆಯೊಳಗೆ ಕಪಾಟು ಜಾಲಾಡುತ್ತಿದೆ ಅನ್ನಿಸಿ ಲಿಛುನ್ ಕಿರುಚಿದಳು. ವೆನ್ ಫೋನು ಕಿತ್ತುಕೊಂಡು ಹುಳಿಸಾರಿನ ಜಾಡಿಯೊಳಗೆ ಅದ್ದಿಬಿಟ್ಟ. ಮೊಣಕೈವರೆಗೆ ಕೈ ಇಳಿಸಿ, ಅದು ಸಾಯುವ ತನಕ ಹಿಡಿದೇ ಇದ್ದ.

ಠಾಣೆಯಲ್ಲಿ ದೆಂಗ್ ಎಲ್ಲ ಬರೆದುಕೊಂಡ. ಮೂವತ್ತು ಸಾವಿರ ಹೋಗಿಯಾಗಿತ್ತು. ಇನ್ನೊಂದು ಮೂವತ್ತು ಸಾವಿರ ದಾರಿಯಲ್ಲಿರುವಾಗಲೇ ಬ್ಯಾಂಕಿನವರು ತಡೆದಿದ್ದರು. ಅದು ಬಿಡುಗಡೆಯಾಗಲು ತಿಂಗಳುಗಳೇ ಬೇಕು. ಕಾರ್ಡಿನಲ್ಲಿ ಉಳಿದದ್ದು ಮೂವತ್ತೆರಡು ಸಾವಿರ. ಆಸ್ಪತ್ರೆಯ ಮುಂಗಡಕ್ಕೆ ಸಾಕಿತ್ತು. ಬ್ಯಾಂಕಿನಲ್ಲಿ ಅವಳನ್ನು ಎದುರು ಕೂರಿಸಿಕೊಂಡು ಅದನ್ನು ನಗದಾಗಿ ಕೊಟ್ಟರು.

"ವಿಮಾನ?" ಲಿಛುನ್ ಕೇಳಿದ್ದು ಅದೊಂದೇ. "ವಿಮಾನ ಇದ್ಯೋ ಇಲ್ವೋ?"

ದೆಂಗ್ ವಿಮಾನ ಕಂಪನಿಗೆ ತಾನೇ ಫೋನ್ ಮಾಡಿ ಕೇಳಿದ. "ಇದೆ ಚಿಕ್ಕಮ್ಮ. ರದ್ದೇ ಆಗಿಲ್ಲ. ನಿಮ್ಮ ಟಿಕೆಟ್ ವಿವರ ಎಲ್ಲೋ ಸೋರಿದೆ ಅಷ್ಟೆ."

"ನೀನು ಮಾತಾಡಿದ್ದು ಕಂಪನಿಯವ್ರ ಜೊತೆನೇ ಅಂತ ಏನ್ ಗ್ಯಾರಂಟಿ?"

ದೆಂಗ್ ನಗಲು ಹೋಗಿ, ಅವಳ ಮುಖ ನೋಡಿ ಮತ್ತೆ ಕಾಗದದತ್ತ ಬಗ್ಗಿದ.

ಬುಧವಾರ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಅವಳು ನಗದಿನ ಚೀಲವನ್ನು ಕೋಟಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡು ಫಲಕದ ಕೆಳಗೆ ನಿಂತಿದ್ದಳು. ಏಳೂ ಮುಕ್ಕಾಲಿಗೆ ಅವರ ವಿಮಾನದ ಮುಂದೆ ಕೆಂಪಕ್ಷರ ಬಂತು. ತಡ. ಯಂತ್ರದ ತೊಂದರೆ. ಎಷ್ಟು ಹೊತ್ತು ಎಂದು ಯಾರಿಗೂ ತಿಳಿಯದು. ಒಂಬತ್ತಾಯಿತು, ಹತ್ತಾಯಿತು. ವೆನ್ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದ. ಎಂಜಲು ನುಂಗುವಾಗಲೆಲ್ಲ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಲಿಛುನ್ ಮನಸ್ಸಿನಲ್ಲೇ ಗಂಟೆ ಎಣಿಸುತ್ತಿದ್ದಳು. ಹನ್ನೆರಡಕ್ಕೆ ಹೊರಟರೆ ಮೂರರ ಹತ್ತಿರ ಇಳಿಯಬಹುದು. ಟ್ಯಾಕ್ಸಿಗೆ ಒಂದು ಗಂಟೆ. ಒಂದಕ್ಕೆ ಹೊರಟರೆ ಕಷ್ಟ. ಎರಡಕ್ಕೆ ಹೊರಟರೆ ಮುಗಿಯಿತು.

ಹನ್ನೆರಡೂ ಕಾಲಿಗೆ ನೀಲಿ ಸಮವಸ್ತ್ರದ ಹುಡುಗಿಯೊಬ್ಬಳು ಪಟ್ಟಿ ಹಿಡಿದು ಬಂದಳು. ಎದೆಯ ಮೇಲೆ ಜಿಯಾನ್ ಎಂದು ಹೆಸರಿತ್ತು.

"ಪಾನ್ ಲಿಛುನ್ ಅಲ್ವಾ ಚಿಕ್ಕಮ್ಮ? ನಾಕು ಗಂಟೆ ಮೇಲೆ ತಡ ಆಗಿರೋದ್ರಿಂದ ಒಬ್ಬೊಬ್ರಿಗೆ ಇನ್ನೂರು ಯುವಾನ್ ಪರಿಹಾರ. ಫೋನಲ್ಲಿ ಈ ಕೋಡ್ ಸ್ಕ್ಯಾನ್ ಮಾಡಿ, ಕಾರ್ಡ್ ನಂಬರ್ ಹಾಕಿ..."

ಲಿಛುನ್ ಎರಡು ಹೆಜ್ಜೆ ಹಿಂದೆ ಸರಿದು ಕೋಟನ್ನು ಎದೆಗೆ ಬಿಗಿಹಿಡಿದಳು. ಅದೇ ಜೇನಿನಂಥ ದನಿ.

"ನಂಗೇನೂ ಬೇಡ. ನಮ್ಮನ್ನ ಶಾಂಘೈಗೆ ಕಳಿಸಿ, ಅಷ್ಟೇ ಸಾಕು."

"ಅದು ನಿಮಗೆ ಬರಬೇಕಾದ ದುಡ್ಡು ಚಿಕ್ಕಮ್ಮ."

"ಬೇಡ ಅಂದ್ನಲ್ಲ!"

ಹಿಂದೆ ಸಾಲಿನಲ್ಲಿದ್ದವನೊಬ್ಬ ನಕ್ಕ. "ಅಕ್ಕಾ, ಬೇಡ ಅಂದ್ರೆ ನಂಗೆ ಕೊಡ್ಸಿ. ನಾನೂ ಬೆಳಿಗ್ಗೆಯಿಂದ ಉಪವಾಸ."

ಜಿಯಾನ್ ಅವನತ್ತ ತಿರುಗಲಿಲ್ಲ. ಲಿಛುನ್‌ಳ ಕೋಟು ಹಿಡಿದ ಕೈಯನ್ನು ಅವಳು ಗಮನಿಸಿದಂತಿತ್ತು. "ಯಾರಾದ್ರೂ ಫೋನ್ ಮಾಡಿದ್ರಾ ನಿಮಗೆ?" ಎಂದು ಮೆಲ್ಲಗೆ ಕೇಳಿದಳು. ಲಿಛುನ್‌ಳ ಕಣ್ಣು ತುಂಬಿಕೊಂಡಿತು. ಆ ಹುಡುಗಿ ಕೌಂಟರಿಗೆ ಹೋಗಿ, ವಿಮಾನ ತಡವಾಗಿದ್ದಕ್ಕೆ ಮೊಹರು ಹಾಕಿದ ಕಾಗದವೊಂದನ್ನು ತಂದು ವೆನ್‌ನ ಕೈಗಿಟ್ಟಳು. "ಇದನ್ನ ಇಟ್ಕೊಳ್ಳಿ ಚಿಕ್ಕಪ್ಪಾ. ಮನಸ್ಸಾದಾಗ ನಮ್ಮ ಪೇಟೆ ಆಫೀಸಿಗೆ ನೀವೇ ಬನ್ನಿ. ಫೋನ್ ಬೇಕಾಗಿಲ್ಲ."

ವಿಮಾನ ಹನ್ನೆರಡೂ ನಲವತ್ತಕ್ಕೆ ಹೊರಟಿತು. ಆಸ್ಪತ್ರೆಯ ದಾಖಲಾತಿ ಕಿಟಕಿಯ ಮುಂದೆ ಅವರು ನಿಂತಾಗ ಐದಕ್ಕೆ ಹತ್ತು ನಿಮಿಷವಿತ್ತು. ಹಾಸಿಗೆ ಇನ್ನೂ ಇವರದೇ ಆಗಿತ್ತು. ಲಿಛುನ್ ನೋಟಿನ ಕಟ್ಟುಗಳನ್ನು ಕೋಟಿನೊಳಗಿನಿಂದ ಒಂದೊಂದಾಗಿ ತೆಗೆದಾಗ ಗುಮಾಸ್ತೆ ಹುಬ್ಬೇರಿಸಿ ಎಣಿಸತೊಡಗಿದಳು.

ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿದವರು ತಲೆಯೆತ್ತಿ ಕೇಳಿದರು. "ಇವ್ರು ಕೂಗಿದಾರೆ. ಯಾಕೆ ಕೂಗಿದ್ರು?"

ಲಿಛುನ್ ಗೋಡೆ ನೋಡುತ್ತ ಹೇಳಿದಳು. "ನಂಗೋಸ್ಕರ."

ಗಂಟಲೊಳಗೆ ಒಂದು ಕಡೆ ಹರಿದಿತ್ತು. ಆಪರೇಷನ್ ಎರಡು ಗಂಟೆಯ ಬದಲು ನಾಲ್ಕು ಗಂಟೆ ಹಿಡಿಯಿತು. ಆ ನಾಲ್ಕು ಗಂಟೆಯೂ ಅವಳು ಬಾಗಿಲ ಹೊರಗೆ, ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಗಡ್ಡೆ ಕೆಟ್ಟದ್ದಲ್ಲ ಎಂದು ಆಮೇಲೆ ತಿಳಿಯಿತು. ದನಿ ಬರುತ್ತದೆ, ಆದರೆ ಮೊದಲಿನ ಹಾಗಲ್ಲ ಎಂದರು.

ಚಳಿ ಕಳೆದ ಮೇಲೆ ಒಂದು ಮಧ್ಯಾಹ್ನ ದೆಂಗ್ ಅಂಗಡಿಗೆ ಬಂದ. ಬೆವರುತ್ತಿದ್ದ.

"ಚಿಕ್ಕಮ್ಮ, ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡ್ದೆ. ಮೂರೂ ಸಲ ಕಟ್ ಮಾಡಿದ್ರಿ."

"ಗುರುತಿಲ್ಲದ ನಂಬರ್. ನನಗೇನ್ ಗೊತ್ತು ನೀನೇ ಅಂತ?"

"ತಡೆದಿಟ್ಟಿದ್ದ ಮೂವತ್ತು ಸಾವಿರ ವಾಪಸ್ ಬಂದಿದೆ. ಒಂದು ಸಹಿ ಬೇಕಿತ್ತು."

ಲಿಛುನ್ ಕಾಗದ ಓದಿದಳು. ತಿರುಗಿಸಿ ಹಿಂದೆಯೂ ನೋಡಿದಳು. ಆಮೇಲೆ ಅವನ ಎದೆಯ ಬಿಲ್ಲೆಯ ಸಂಖ್ಯೆಯನ್ನು ಓದಿದಳು. ಐದು ವರ್ಷದಿಂದ ತನ್ನ ಕೈಯ ಶಾವಿಗೆ ತಿನ್ನುತ್ತಿದ್ದ ಹುಡುಗ, ಅಲುಗಾಡದೆ ನಿಂತುಕೊಂಡ. ಆಮೇಲಷ್ಟೇ ಅವಳು ಸಹಿ ಹಾಕಿದಳು.

ಅವನು ಹೋದ ಮೇಲೆ ವೆನ್ ಒಲೆಯ ಹತ್ತಿರದಿಂದ ಹೇಳಿದ. ಅವನ ದನಿ ಈಗ ತೆಳುವಾಗಿತ್ತು, ಹತ್ತಿರ ಹೋದರಷ್ಟೇ ಕೇಳುತ್ತಿತ್ತು. "ಆ ವಿಮಾನದವ್ರ ನಾನೂರು ಕೂಡ ಕೇಳಬಹುದಿತ್ತು. ಕಾಗದ ನನ್ನ ಹತ್ರ ಇದೆ. ಎರಡು ಬಸ್ ಹತ್ತಿದ್ರೆ ಆಫೀಸು."

"ಕಾರ್ಡ್ ನಂಬರ್ ಕೇಳ್ತಾರೆ."

"ನಾನೂ ಬರ್ತೀನಿ ಜೊತೆಗೆ."

ಲಿಛುನ್ ಬಹಳ ಹೊತ್ತು ಬಟ್ಟಲು ಒರೆಸಿದಳು. "ಮುಂದಿನ ವಾರ ನೋಡೋಣ," ಎಂದಳು. ಮುಂದಿನ ವಾರವೂ ಹಾಗೇ ಅಂದಳು. ವೆನ್ ಒತ್ತಾಯ ಮಾಡಲಿಲ್ಲ.