ನಮ್ಮ ಅಂಗಳದ ಮಾರಾಟದ ಬೋರ್ಡು

ಅಜ್ಜಿಯ ಕಥೆಗಳಲ್ಲಿ ಒಂದೂರಿತ್ತು. ಹುಂಜ ಕೂಗಿದರೇ ಸೂರ್ಯ ಹುಟ್ಟುವುದು ಎಂದು ಆ ಊರಿನವರು ನಂಬಿದ್ದರು. ಹುಂಜಕ್ಕೆ ಗೋಧಿ ಹಾಕಿದರು, ಕಾಲಿಗೆ ಕೆಂಪು ದಾರ ಕಟ್ಟಿದರು, ಮದುವೆ ಮೆರವಣಿಗೆಗಳಲ್ಲಿ ಎಲ್ಲರಿಗಿಂತ ಮುಂದೆ ನಡೆಸಿದರು. ಒಂದು ಬೆಳಗ್ಗೆ ಹುಂಜವೇನೋ ಕೂಗಿತು, ಮೋಡ ಮುಚ್ಚಿಕೊಂಡು ಸೂರ್ಯ ಕಾಣಲಿಲ್ಲ. ಕತ್ತು ತಿರುವಿದರು. ಮರುದಿನವೂ ಮೋಡ. ಹುಂಜಕ್ಕೆ ಕಾಳು ಹಾಕುತ್ತಿದ್ದವನನ್ನು ಊರು ಬಿಡಿಸಿದರು. ಅದರ ಮರುದಿನ ಗಾಳಿ ಬೀಸಿ ಮೋಡ ಚದುರಿತು. "ನೋಡಿದ್ರಾ, ನಾವು ಮಾಡಿದ್ದೇ ಸರಿ" ಅಂದರು.

ಚಿಕ್ಕವಳಿದ್ದಾಗ ನಾನು ಪ್ರತಿಸಲ ಕೇಳುತ್ತಿದ್ದೆ, "ಹುಂಜನ್ನ ಏನ್ ಮಾಡಿದ್ರು ಅಜ್ಜಿ?"

"ಇನ್ನೇನ್ ಮಾಡ್ತಾರೆ? ಸಾರು ಮಾಡಿದ್ರು. ಎಲ್ಲರೂ ಉಂಡ್ರು. ಚೆನ್ನಾಗಿದೆ ಅಂದ್ರು."

ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ, ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ, ನಮ್ಮ ಬ್ರೆನ್ನರ್ ಫೋರ್ಕ್‌ನಲ್ಲಿ ಹೊಗೆ ಏಳುವುದು ಎರಡೇ ಕಡೆ. ಒಂದು ಚರ್ಚಿನ ಅಡುಗೆಮನೆ, ಇನ್ನೊಂದು ಶುಕ್ರವಾರದ ಸಂಜೆ ಮೈದಾನದ ಹೊರಗೆ ಹೂಡುವ ಮಾಂಸ ಸುಡುವ ಒಲೆಗಳು. ಊರ ಹೈಸ್ಕೂಲಿನ ಫುಟ್‌ಬಾಲ್ ತಂಡಕ್ಕೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಫುಟ್‌ಬಾಲಿನ ತಂಡಕ್ಕೆ, ಕಮ್ಮಾರರು ಎಂದು ಹೆಸರು. ಅದರ ಕ್ವಾರ್ಟರ್‌ಬ್ಯಾಕ್ ನನ್ನ ತಮ್ಮ ಕೋಲ್ಬಿ. ಚೆಂಡು ಅವನ ಕೈಗೇ ಬರಬೇಕು, ಅವನ ಕೈಯಿಂದಲೇ ಹಾರಬೇಕು. ಗೆದ್ದರೆ ಅವನು ಊರಿನ ಮದುಮಗ, ಸೋತರೆ ಊರಿನ ಹೆಣ.

ಆ ಶುಕ್ರವಾರ ಸೋತೆವು. ಅದೂ ಹೊಳೆಯಾಚೆಯ ವೆಸ್ಟ್ ಆಲ್ಡರ್‌ನವರ ಕೈಲಿ. ಕೊನೆಯ ಗಳಿಗೆಯಲ್ಲಿ ಕೋಲ್ಬಿ ಎಸೆದ ಚೆಂಡು ಒದ್ದೆ ಬಟ್ಟೆಯ ಹಾಗೆ ಜೋತಾಡಿಕೊಂಡು ಹೋಗಿ ಎದುರಾಳಿಯ ಮಡಿಲಲ್ಲಿ ಬಿತ್ತು. ಅವನ ಭುಜ ಅಲ್ಲೇ ಹರಿದಿತ್ತು. ಆಸ್ಪತ್ರೆಯಲ್ಲಿ ಕೈಯನ್ನು ಜೋಲಿಗೆ ಹಾಕಿದ ಡಾಕ್ಟರು, "ಮುಂದಿನ ವರ್ಷ ಆಡೋ ಮಾತು ಬಿಡು, ಮೊದಲು ತಲೆ ಬಾಚ್ಕೊಳ್ಳೋ ಹಾಗಾಗ್ಲಿ" ಅಂದರು. ಅವನನ್ನು ತಮ್ಮ ತಂಡಕ್ಕೆ ಆರಿಸಬಹುದೋ ನೋಡಲೆಂದು ಕಾಲೇಜಿನಿಂದ ಬಂದಿದ್ದ ಮನುಷ್ಯ ಆಟ ಮುಗಿಯುವ ಮೊದಲೇ ಕಾರು ಹತ್ತಿ ಹೋಗಿದ್ದ.

ಶನಿವಾರ ಬೆಳಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಮಾರಾಟದ ಪಿರೋಗಿ ಮಾಡುತ್ತಿದ್ದೆವು. ಆಲೂಗಡ್ಡೆ, ಚೀಸಿನ ಹೂರಣ ತುಂಬಿ ಅಂಚು ಚಿವುಟಿ ಬೇಯಿಸುವ ಕಡುಬು. ಅಜ್ಜಿ ಚಿವುಟಿದ ಕಡುಬು ಕುದಿನೀರಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಅಭಿಮಾನಿಗಳ ಸಂಘದ ಗಂಡಸರು ಅದೇ ಹಜಾರದ ಆ ತುದಿಯಲ್ಲಿ ಕಾಫಿ ಹಂಡೆಯ ಸುತ್ತ ಸೇರಿದ್ದರು. ಸೋಲಿಗೆ ತಂಡದ ಕೋಚ್ ಮೆರಿಕ್‌ರನ್ನು ತೆಗೆಯಬೇಕು ಎಂದು ಮಾತು. ತೆಗೆಯುವ ಅಧಿಕಾರ ಹೆಸರಿಗೆ ಶಾಲಾ ಮಂಡಳಿಯದು. ಮಂಡಳಿಯ ಮುಕ್ಕಾಲು ಮಂದಿ ಇಲ್ಲೇ ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಮೆಲ್ಲುತ್ತ ಕೂತಿದ್ದರು.

"ಕಿವುಡನಿಗೂ ಗೊತ್ತಿತ್ತು, ಆಗ ಚೆಂಡು ಹಿಡ್ಕೊಂಡು ಓಡ್ಬೇಕಿತ್ತು ಅಂತ," ಎಂದ ಬುಚ್ ಕೊವಾಲಿಕ್. ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಂಡಿದ್ದವನು, ಈಗ ಹೊಟ್ಟೆ ನೋಡಿಕೊಳ್ಳುತ್ತಾನೆ. "ಆ ಮೆರಿಕ್ ಎಸೀ ಅಂತಾನೆ! ತಲೇಲಿ ಮೆದುಳಿದ್ಯೋ ಕಡುಬಿನ ಹೂರಣ ಇದ್ಯೋ?"

"ಹೂರಣಕ್ಕೆ ಅವಮಾನ ಮಾಡ್ಬೇಡ ಮಾರಾಯ, ಅದಕ್ಕಾದ್ರೂ ರುಚಿ ಇದೆ," ಅಂದ ಇನ್ನೊಬ್ಬ. ನಕ್ಕರು. ಬಾಯೊಳಗಿನ ಆಲೂಗಡ್ಡೆ ಕಾಣುವ ಹಾಗೆ ನಕ್ಕರು.

"ಕೋಚ್ ಒಬ್ನೇ ಅಲ್ಲ ಕಣ್ರೋ. ಆ ಹುಡುಗನ ಕೈಯೂ ಅಷ್ಟಕ್ಕಷ್ಟೇ. ನಮ್ಮಜ್ಜಿ ಬೆಕ್ಕಿಗೆ ಚಪ್ಪಲಿ ಎಸೀತಿದ್ಲು, ಇದಕ್ಕಿಂತ ನೆಟ್ಟಗೆ ಹೋಗ್ತಿತ್ತು."

"ಈಗ ಜೋಲಿ ಬೇರೆ! ನಿನ್ನೆ ರಾತ್ರಿ ಸೋತ, ಇವತ್ತು ಕೈ ನೋವು. ಒಳ್ಳೆ ನಾಟ್ಕ."

ಅವನ ಅಪ್ಪ, ನನ್ನ ಅಪ್ಪ, ಡ್ವೇನ್ ಪಾಲ್ಕೊ, ಅವರ ನಡುವೆಯೇ ಕೂತಿದ್ದ. ಒಂದು ಕಾಲದಲ್ಲಿ ಅಪ್ಪನೂ ಕಮ್ಮಾರರ ಕ್ವಾರ್ಟರ್‌ಬ್ಯಾಕ್. ಅವನ ಹರೆಯದ ಫೋಟೋ ಶಾಲೆಯ ಗೋಡೆಯ ಮೇಲೆ ಇನ್ನೂ ನಗುತ್ತಿದೆ. ಮಗನನ್ನು ಹೀಗೆ ಹರಿದು ತಿನ್ನುತ್ತಿದ್ದರೂ ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಸಂಘದ ಅಧ್ಯಕ್ಷ ನೀಲ್ ಫೆಂಟನ್ ಕೈ ಎತ್ತಿ ಸದ್ದಡಗಿಸಿದ. ಮನೆ ಮಾರಾಟದ ದಲ್ಲಾಳಿ ಅವನು. ಶವಸಂಸ್ಕಾರಕ್ಕೂ ಮದುವೆಗೂ ಒಂದೇ ನಗೆ. "ಹುಡುಗನ ಮಾತು ಆಮೇಲೆ. ಮುಂದಿನ ವರ್ಷಕ್ಕೆ ನಮ್ಮ ಅಕ್ಕನ ಮಗ ತಯಾರಿದ್ದಾನೆ, ಅವನನ್ನ ಆಡ್ಸೋಣ. ಈಗ ಕೋಚಿನ ಮಾತು. ಡ್ವೇನ್, ನೀನು ಅಪ್ಪ, ನೀನೇ ಹೇಳು. ಕೋಲ್ಬಿ ಭುಜಕ್ಕೆ ಮೊದ್ಲೇ ಏನಾದ್ರೂ ತೊಂದ್ರೆ ಇತ್ತಾ?"

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಪಕ್ಕದಲ್ಲಿ ಅಜ್ಜಿಯ ಕೈಯೂ.

ಯಾಕೆಂದರೆ ಬುಧವಾರ ಕೋಚ್ ಮೆರಿಕ್ ನಮ್ಮ ಮನೆಗೇ ಬಂದಿದ್ದರು. ಅಡುಗೆಮನೆಯಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತು, "ಹುಡುಗನ ಕೈ ಕಿವಿಗಿಂತ ಮೇಲಕ್ಕೆ ಏಳ್ತಿಲ್ಲ ಡ್ವೇನ್. ಶುಕ್ರವಾರ ಅವನನ್ನ ಆಡಿಸದೆ ಹೊರಗೆ ಕೂರಿಸ್ತೀನಿ" ಅಂದಿದ್ದರು. ಅಪ್ಪ ಬೇಡಿಕೊಂಡ. ಕಾಲೇಜಿನವನು ಬರುತ್ತಾನೆ, ಇದೊಂದೇ ಆಟ, ಇದೊಂದು ತಪ್ಪಿದರೆ ಹುಡುಗ ಈ ಕಣಿವೆಯಲ್ಲೇ ಕೊಳೆಯುತ್ತಾನೆ ಅಂದ. "ಏನಾದ್ರೂ ಆದ್ರೆ ಊರಿಗೆ ನಾನು ಉತ್ತರ ಹೇಳ್ತೀನಿ. ಮಾತು ಕೊಟ್ಟೆ" ಎಂದು ಕೈ ಚಾಚಿದ. ಕೋಚ್ ಕೋಲ್ಬಿಯನ್ನು ನೋಡಿದರು. ಕೋಲ್ಬಿ ಅಪ್ಪನನ್ನು ನೋಡಿ "ಆಡ್ತೀನಿ" ಅಂದ. ಕೋಚ್ ಕೈ ಕುಲುಕಿ ಎದ್ದರು. ಅವರೂ ಬಗ್ಗಬಾರದಿತ್ತು, ಬಗ್ಗಿದರು.

ಈಗ ಹಜಾರವಿಡೀ ಅಪ್ಪನ ಬಾಯಿ ನೋಡುತ್ತಿತ್ತು. ಅಪ್ಪ ಕಡುಬನ್ನು ಅಗಿದು, ನುಂಗಿ, ಕಾಗದದ ಕರವಸ್ತ್ರದಿಂದ ತುಟಿ ಒರೆಸಿಕೊಂಡ.

"ನಂಗೆ ಯಾರೂ ಏನೂ ಹೇಳ್ಲಿಲ್ಲ," ಅಂದ. "ಕೋಚ್‌ಗೆ ಗೊತ್ತಿತ್ತು ಅಂತ ಕಾಣುತ್ತೆ. ಗೊತ್ತಿದ್ದೂ ಆಡಿಸ್ದ."

ನಾನು ಕಾಲಿಟ್ಟಲ್ಲಿ ಕನಸು ಕಾಣುವವಳು, ದಾರಿ ತಪ್ಪುವವಳು, ನಾಲ್ಕು ಜನರೆದುರು ಮಾತಾಡಿದವಳಲ್ಲ. ಆದರೂ ಮಾತು ಬಂತು.

"ಬುಧವಾರ ಕೋಚ್ ನಮ್ಮನೆಗೆ ಬಂದಿದ್ರು. ಆಡ್ಸಲ್ಲ ಅಂದ್ರು. ಅಪ್ಪನೇ ಆಡಿಸಿ ಅಂತ ಹಿಡಿದಿದ್ದು."

ಅಪ್ಪನ ಕಿವಿ ಕೆಂಪಾಯಿತು. ಮರುಗಳಿಗೆಯೇ ಆ ಹಳೆಯ ಫೋಟೋದ ನಗು ನಕ್ಕ.

"ನಮ್ಮ ಟೆಸ್ ಗೊತ್ತಲ್ಲ ನಿಮ್ಗೆ. ಅವರಜ್ಜಿ ಕಥೆ ಕೇಳೀ ಕೇಳೀ ಬೆಳೆದೋಳು. ನಾಯಿ ಮಾತಾಡಿಸ್ತು ಅಂತ ಹತ್ತು ವರ್ಷದವಳಿದ್ದಾಗ ಪಾದ್ರಿ ಹತ್ರ ಹೇಳಿದ್ಲು."

ಹಜಾರ ಹೋ ಎಂದಿತು. "ಟೆಸ್ ಪುಟ್ಟಾ, ಈರುಳ್ಳಿ ಸೀಯ್ತಿದೆ ನೋಡು," ಅಂದ ಬುಚ್. "ಅದು ಮಾತಾಡಲ್ಲ, ವಾಸನೆ ಮಾತ್ರ ಬರುತ್ತೆ."

ಅಜ್ಜಿಯ ಕಡೆ ತಿರುಗಿದೆ. ಬುಧವಾರ ಕೋಚ್‌ಗೆ ವಾಲ್‌ನಟ್ ಹೂರಣದ ಸುರುಳಿ ಕೊಯ್ದುಕೊಟ್ಟವಳು ಅವಳೇ, ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡವಳು. ಅವಳು ತಲೆ ಬಗ್ಗಿಸಿ ಚಿವುಟುತ್ತಲೇ ಇದ್ದಳು. ಅಪ್ಪ ಅವಳು ಹೆತ್ತ ಮಗ.

ಕೋಚನ್ನು ತೆಗೆಯಲು ಒಪ್ಪುವವರು ಯಾರು ಎಂದು ಫೆಂಟನ್ ಕೈ ಎತ್ತಿಸಿದ. ಎಲ್ಲರಿಗಿಂತ ಮೊದಲು ಎದ್ದದ್ದು ಅಪ್ಪನ ಕೈ, ಬೆಣ್ಣೆ ಹತ್ತಿದ ಬೆರಳುಗಳು ಹೊಳೆಯುತ್ತಿದ್ದವು. ಅದೇ ಹೊತ್ತಿಗೆ ಒಲೆಯ ಮೇಲಿನ ಪಾತ್ರೆಯಲ್ಲಿ ಅಜ್ಜಿಯ ಕಡುಬುಗಳು ಒಂದೊಂದಾಗಿ ಬಾಯಿ ಬಿಟ್ಟವು. ನೀರೆಲ್ಲ ಬಿಳಿ ರಾಡಿ.

ಸೋತ ಕೋಚಿನ ಅಂಗಳದಲ್ಲಿ 'ಮಾರಾಟಕ್ಕಿದೆ' ಬೋರ್ಡು ನೆಡುವುದು ನಮ್ಮ ಕಡೆಯ ಪದ್ಧತಿ. ಊರು ಬಿಟ್ಟು ಹೋಗು ಎಂದು ಬಾಯಲ್ಲಿ ಹೇಳುವ ಧೈರ್ಯ ಇಲ್ಲದವರು ತಗಡಿನಲ್ಲಿ ಹೇಳುತ್ತಾರೆ. ಫೆಂಟನ್‌ನ ಗಾಡಿಯಲ್ಲಿ ಬೋರ್ಡುಗಳಿಗೆ ಬರವಿಲ್ಲ. ಮಧ್ಯಾಹ್ನದೊಳಗೆ ಕೋಚ್ ಮೆರಿಕ್ ಮನೆ ಮುಂದೆ ನೆಟ್ಟು, ಕಾರುಗಳ ಹಾರನ್ ಬಾರಿಸುತ್ತ ಎರಡು ಸುತ್ತು ಹೊಡೆದರು. ಕೋಚ್ ಹೆಂಡತಿ ಮೆಟ್ಟಿಲ ಮೇಲೆ ಅಲಂಕಾರಕ್ಕಿಟ್ಟಿದ್ದ ಕುಂಬಳಕಾಯಿಗಳನ್ನು ಒಂದೊಂದೇ ಒಳಗೆ ಸಾಗಿಸುತ್ತಿದ್ದಳಂತೆ. ಕಳೆದ ವರ್ಷ ಗೆದ್ದಾಗ ಅದೇ ಅಂಗಳಕ್ಕೆ ಇವರೇ ಪಾಯಸದಂಥ ಮಾತು ಹೊತ್ತು ಬಂದಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಭಾನುವಾರ ಬೆಳಕು ಹರಿದಾಗ ಕೋಲ್ಬಿ ನನ್ನ ಬಾಗಿಲು ತಟ್ಟಿದ. ಅವನು ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಹಜಾರದಲ್ಲಿ ನೀನು ಹೇಳಿದ್ದು ಗೊತ್ತಾಯ್ತು," ಅಂದ. "ಅಪ್ಪ ಹೇಳಿದ್ದೂ. ಕಾರು ತೆಗೆ ಅಕ್ಕ. ಒಂದು ಕೈಲಿ ಓಡ್ಸೋಕಾಗಲ್ಲ."

"ಎಲ್ಲಿಗೋ?"

"ನಡಿ."

ಕೋಚ್ ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಕೋಲ್ಬಿ ಎಡಗೈಯಲ್ಲಿ ಬೋರ್ಡು ಅಲ್ಲಾಡಿಸಿದ, ಬರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಬಾಗಿಲು ತೆರೆದು ಕೋಚ್ ಬಂದು ನಿಂತರು. ಮನೆಯ ಚಪ್ಪಲಿ, ಕೈಯಲ್ಲಿ ಬಟ್ಟಲು.

"ಬಿಡೋ ಮಗಾ. ನಾಲ್ಕು ದಿನ ನಿಂತು ಬೇಜಾರಾಗಿ ಅದೇ ಬೀಳುತ್ತೆ."

"ಅಡ್ರೆಸ್ ತಪ್ಪಿದೆ ಕೋಚ್," ಅಂದ ಕೋಲ್ಬಿ.

ಕೋಚ್ ಅವನ ಜೋಲಿ ನೋಡಿದರು. "ನಿಂಗೆ ಆಡ್ಬೇಡ ಅನ್ನೋ ಕೆಲಸ ನಂದಾಗಿತ್ತು. ನಾನು ಅಲ್ಲೇ ತಪ್ಪಿದೆ" ಅಂದರು. ಬಾಗಿಲೆಳೆದುಕೊಂಡು ಒಳಗೆ ಹೋದರು.

ನಮ್ಮ ಅಂಗಳದ ನಡುಮಧ್ಯೆ, ರಸ್ತೆಗೆ ಮುಖ ಮಾಡಿ, ಅವನು ಬೋರ್ಡನ್ನು ಒಂದು ಕೈಯಲ್ಲಿ ಹಿಡಿದ. ಸುತ್ತಿಗೆ ಸಿಗದೆ ನಾನು ಅಜ್ಜಿಯ ಆಲೂಗಡ್ಡೆ ಜಜ್ಜುವ ಮರದ ಕೊಡತಿ ತಂದು ಹೊಡೆದೆ. ಹೆಪ್ಪುಗಟ್ಟಿದ ನೆಲ. ಒಂದೊಂದು ಏಟಿಗೂ ತಗಡು ಗಂಟೆಯ ಹಾಗೆ ಮೊಳಗುತ್ತಿತ್ತು.

ಟೈ ಕಟ್ಟಿಕೊಳ್ಳುತ್ತಲೇ ಅಪ್ಪ ಹೊರಗೆ ಬಂದ. "ಏನ್ ಹುಚ್ಚಾಟ ಇದು? ಕೀಳ್ರೋ ಅದನ್ನ!"

"ಇರ್ಲಿ ಬಿಡಪ್ಪ," ಅಂದ ಕೋಲ್ಬಿ.

ಚರ್ಚಿಗೆ ಹೊರಟ ಕಾರುಗಳು ನಿಧಾನವಾದವು. ಒಂದಲ್ಲ ಒಂದು ಕಿಟಕಿಯಿಂದ ಮುಖ ಹಣಕಿತು. ಫೆಂಟನ್ ತನ್ನ ಗಾಡಿ ನಿಲ್ಲಿಸಿ ಗಾಜು ಇಳಿಸಿದ. "ಡ್ವೇನ್, ಏನಪ್ಪಾ ತಮಾಷೆ? ನಂಗೇ ಹೇಳ್ದೆ ಮನೆ ಮಾರ್ತೀಯಾ?"

"ತಮಾಷೆ ಅಲ್ಲ," ಅಂದ ಕೋಲ್ಬಿ. "ಬುಧವಾರ ಕೋಚ್ ನಮ್ಮನೆಗೆ ಬಂದಿದ್ರು. ಕೈ ಏಳಲ್ಲ, ಆಡಿಸಲ್ಲ ಅಂದ್ರು. ಅಪ್ಪ ಬೇಡಿಕೊಂಡ. ನಾನೂ ಹೂಂ ಅಂದೆ. ಅಕ್ಕ ಕನಸು ಕಂಡಿದ್ದಲ್ಲ."

ನನಗೆ ಹಚ್ಚಿದ ಹಾಗೆ ಕೋಲ್ಬಿಯ ತಲೆಗೆ ಹಚ್ಚಲು ಅಪ್ಪನ ಬಳಿ ಯಾವ ಕಥೆಯೂ ಇರಲಿಲ್ಲ. ಆಗ ಜಗಲಿಯಿಂದ ಅಜ್ಜಿಯ ದನಿ ಬಂತು, ಚರ್ಚಿನ ಕಪ್ಪು ಕೋಟಿನೊಳಗಿಂದ, ಸಣ್ಣಗೆ. "ನಾನೂ ಕೇಳಿಸ್ಕೊಂಡೆ. ನಿನ್ನೆ ಹೇಳ್ಬೇಕಿತ್ತು."

ಫೆಂಟನ್ ಅಪ್ಪನನ್ನು ನೋಡಿದ, ಬೋರ್ಡನ್ನು ನೋಡಿದ. ಈಗ ಸರಿಪಡಿಸುತ್ತಾನೆ ಅಂದುಕೊಂಡೆ. ಎಂಥ ಪೆದ್ದಿ ನಾನು.

"ಹೌದಾ," ಅಂದ ಅವನು, ಅದೇ ನಗೆ. "ಆಗಿದ್ದಾಗಿಹೋಯ್ತು. ವೆಸ್ಟ್ ಆಲ್ಡರ್‌ನ ಸಹಾಯಕ ಕೋಚ್ ನಮ್ಮ ತಂಡಕ್ಕೆ ಬರೋ ಹಾಗೆ ನಿನ್ನೇನೇ ಮಾತಾಗಿದೆ. ಚುರುಕು ಮನುಷ್ಯ. ನೀನು ಕೈ ಹುಷಾರಾಗಿ ನೋಡ್ಕೋ ಮರಿ." ಗಾಜು ಏರಿತು, ಗಾಡಿ ಹೋಯಿತು. ಚರ್ಚಿನಲ್ಲಿ ಆ ದಿನ ಎಲ್ಲರೂ ಒಬ್ಬರಿಗೊಬ್ಬರು ಶಾಂತಿ ಹಾರೈಸಿ ಕೈ ಕುಲುಕಿದರು. ಬುಚ್ ಕೊವಾಲಿಕ್ ನನ್ನ ಕೈಯನ್ನೂ ಕುಲುಕಿದ. ಈರುಳ್ಳಿ ವಾಸನೆ.

ಬೋರ್ಡನ್ನು ಅಪ್ಪ ಕೀಳಲಿಲ್ಲ. ಕಿತ್ತರೆ ಕಿತ್ತ ಅಂತ ಊರು ನೋಡುತ್ತದೆ, ಬಿಟ್ಟರೆ ಬಿಟ್ಟ ಅಂತ ನೋಡುತ್ತದೆ. ನೋಡಲಿ ಅಂತಲೇ ಕೋಲ್ಬಿ ನೆಟ್ಟದ್ದು.

ಮುಂದಿನ ಭಾನುವಾರ ಅಜ್ಜಿ ಎಂದಿನಂತೆ ಕೋಳಿ ಸಾರು ಮಾಡಿದ್ದಳು, ಸಣ್ಣಗೆ ಹೆಚ್ಚಿದ ಶಾವಿಗೆ ಹಾಕಿ. ನಾವು ಕೂತಿದ್ದೆವು. ಕೋಲ್ಬಿ ಎಡಗೈಯಲ್ಲಿ ಚಮಚ ಹಿಡಿಯಲು ಕಲಿಯುತ್ತಿದ್ದ, ಅರ್ಧ ಅಂಗಿಯ ಮೇಲೆ. ಯಾರೋ ಬಾಗಿಲು ತಟ್ಟಿದರು. ಅಪ್ಪ ಎದ್ದು ತೆರೆದ. ಪರವೂರಿನ ಗಂಡಹೆಂಡತಿ, ಹೊಸದಾಗಿ ಮದುವೆಯಾದವರಿರಬೇಕು.

"ಬೋರ್ಡು ನೋಡಿದ್ವಿ. ಮನೆ ಒಳಗೆ ಒಂಚೂರು ನೋಡ್ಬಹುದಾ?"

"ಮಾರೋದಿಲ್ಲ," ಅಂದ ಅಪ್ಪ.

"ಮತ್ತೆ ಬೋರ್ಡು ಯಾಕಿದೆ?" ಎಂದು ಕೇಳಿದಳು ಆಕೆ. ಕುತೂಹಲ ಅಷ್ಟೇ, ಕುಹಕವೇನೂ ಇರಲಿಲ್ಲ.

ತೆರೆದ ಬಾಗಿಲಿಂದ ಚಳಿ ಒಳಗೆ ಬರುತ್ತಿತ್ತು. ಅಪ್ಪನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಕೋಲ್ಬಿಯ ಚಮಚ ಗಾಳಿಯಲ್ಲೇ ನಿಂತಿತ್ತು. ಗುರುತಿಲ್ಲದ ಜನ, ಮತ್ತೆಂದೂ ಕಾಣಸಿಗದವರು. ಇವರಿಗಾದರೂ ಹೇಳಬಹುದು. ಹೇಳು ಅಪ್ಪ, ಎಂದು ನಾನು ಮನಸ್ಸಿನಲ್ಲೇ ಹೇಳಿದೆ.

"ಅದಾ," ಅಂದ ಅಪ್ಪ. "ಫುಟ್‌ಬಾಲ್ ವಿಷಯ."

"ಓ, ಫುಟ್‌ಬಾಲಾ!" ಇಬ್ಬರೂ ನಕ್ಕರು. ಅಷ್ಟು ಸಾಕಿತ್ತು ಅವರಿಗೆ. ಅಪ್ಪನೂ ನಕ್ಕ.

ಬಾಗಿಲು ಹಾಕಿ ಬಂದು ಕೂತು, ಕೈ ಉಜ್ಜಿಕೊಂಡು, ಒಂದು ಚಮಚ ಬಾಯಿಗಿಟ್ಟುಕೊಂಡ.

"ಸಾರು ಚೆನ್ನಾಗಿದೆ," ಅಂದ.

ಅಜ್ಜಿ ಎದ್ದಳು. ಉಣ್ಣುವವರ ಮುಂದಿನ ಬಟ್ಟಲನ್ನು ಜನ್ಮದಲ್ಲಿ ಒಮ್ಮೆಯೂ ಎತ್ತದವಳು, ಅಪ್ಪನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಸಾರನ್ನು ಮತ್ತೆ ಪಾತ್ರೆಗೆ ಸುರಿದಳು. ಬರಿಯ ಬಟ್ಟಲನ್ನು ತಂದು ಅವನ ಮುಂದಿಟ್ಟಳು. ಆಮೇಲೆ ಕೋಲ್ಬಿಯ ಪಕ್ಕದಲ್ಲಿ ಕೂತು, ಅವನ ಕೈಯಿಂದ ಚಮಚ ತೆಗೆದುಕೊಂಡು, ತುತ್ತು ಊದಿ ಆರಿಸತೊಡಗಿದಳು.