ಕೈತೂಕ

"ತುಳಿ," ಎಂದಳು ಮಗಳು.

ತಾಯಿ ತುಳಿದಳು. ಹಳೆಯ ಸೈಕಲ್ಲಿನ ಹಿಂದಿನ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದರಿಂದ ಎಷ್ಟು ತುಳಿದರೂ ಅದು ಅಡುಗೆಮನೆಯ ಬಾಗಿಲು ದಾಟುತ್ತಿರಲಿಲ್ಲ. ಚಕ್ರ ಗುಂಯ್ ಎಂದಿತು, ಒಲೆಯ ಪಕ್ಕದ ಲೋಟಗಳು ನಡುಗಿದವು. ಹಿಂದೆ ಹುಲಿ ಬಿದ್ದಿದೆ ಎನ್ನುವ ಹಾಗೆ ನಲವತ್ತು ಸೆಕೆಂಡು ತುಳಿಯಬೇಕು, ಆಮೇಲೆ ಒಂದೂವರೆ ನಿಮಿಷ ಮೆಲ್ಲಗೆ ಕಾಲಾಡಿಸುತ್ತ ಸುಧಾರಿಸಿಕೊಳ್ಳಬೇಕು. ಹೀಗೆ ಎಂಟು ಸಲ. ಮಗಳು ಕಿಟಕಿಯ ಪಕ್ಕದ ಮೇಜಿನ ಮೇಲೆ ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡು, ಇನ್ನೊಂದು ಗಡಿಯಾರದ ಮೇಲೆ ಕಣ್ಣಿಟ್ಟಿದ್ದಳು. ಗಡಿಯಾರ ರಿಪೇರಿ ಅವಳ ಕಸುಬು. ಅವಳ ನಲವತ್ತು ಸೆಕೆಂಡು ಎಂದರೆ ನಲವತ್ತೇ. ತಾಯಿ ಎಷ್ಟು ಗೋಗರೆದರೂ ಮೂವತ್ತೊಂಬತ್ತಾಗುತ್ತಿರಲಿಲ್ಲ.

"ಬಿಡು."

ತಾಯಿ ಹ್ಯಾಂಡಲಿನ ಮೇಲೆ ಹಣೆಯಿಟ್ಟಳು. "ನಿನ್ನ ಹೆರುವಾಗಲೂ ಇಷ್ಟು ಕಷ್ಟ ಆಗಿರಲಿಲ್ಲ ಕಣೇ."

"ಆಗ ನಾನು ಎರಡೂವರೆ ಕಿಲೋ ಇದ್ದೆ. ಮಾತಾಡಬೇಡ, ಉಸಿರಾಡು."

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರೂ ಶೋಕಿಗೆ ಈ ಪಾಡು ಪಡುವುದಿಲ್ಲ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಬಂದ ಜ್ವರ ಹೋಗುವಾಗ ಅವಳ ಎರಡು ಕಾಲುಗಳ ಬಲವನ್ನೂ ತೆಗೆದುಕೊಂಡು ಹೋಗಿತ್ತು. ಮನೆ ಎರಡನೆಯ ಮಹಡಿಯಲ್ಲಿ, ಮೂವತ್ತನಾಲ್ಕು ಮೆಟ್ಟಿಲು. ನೆಲಮಟ್ಟದ ಮನೆ ಹುಡುಕಿ ಚಪ್ಪಲಿ ಸವೆಸಿದ್ದಾಗಿತ್ತು. ಬಾಡಿಗೆ ಕೇಳಿದ ಮೇಲೆ ಮೆಟ್ಟಿಲೇ ವಾಸಿ ಎನ್ನಿಸಿತ್ತು. ಅಪ್ಪ ಇರುವತನಕ ಅಪ್ಪನ ಬೆನ್ನು, ಅವನು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ತಾಯಿಯ ಬೆನ್ನು. ಬುಧವಾರ ರಿಪೇರಿಯಾದ ಗಡಿಯಾರಗಳನ್ನು ಅಂಗಡಿಗೆ ಕೊಟ್ಟು ಬರಲು, ಭಾನುವಾರ ಪಾರ್ಕಿಗೆ. ಗಾಲಿಕುರ್ಚಿ ಕೆಳಗೆ ಮೆಟ್ಟಿಲಿನ ಸಂದಿಯಲ್ಲಿ ಇರುತ್ತಿತ್ತು; ಅಲ್ಲಿಯವರೆಗೆ ಉಪ್ಪುಮೂಟೆ. ಇಪ್ಪತ್ತೆರಡು ವರ್ಷದ ಮಗಳನ್ನು ಉಪ್ಪುಮೂಟೆ ಹೊತ್ತು ಇಳಿಯುವ ತಾಯಿಯನ್ನು ನೋಡಿ ಕೆಳಗಿನ ಮನೆಯವರು ಮೊದಮೊದಲು ಅಯ್ಯೋ ಪಾಪ ಎನ್ನುತ್ತಿದ್ದರು, ಆಮೇಲೆ ಅಭ್ಯಾಸವಾಗಿ ಸುಮ್ಮನೆ ದಾರಿ ಬಿಡುತ್ತಿದ್ದರು.

ಆರು ತಿಂಗಳ ಹಿಂದೆ ಹತ್ತುವಾಗ ಹನ್ನೊಂದನೆಯ ಮೆಟ್ಟಿಲಿನಲ್ಲಿ ತಾಯಿಯ ಮಂಡಿ ಮಡಿಚಿಕೊಂಡಿತು. ಇಬ್ಬರೂ ಅಲ್ಲೇ ಕುಸಿದರು. ಪೆಟ್ಟೇನೂ ಆಗಲಿಲ್ಲ, ಆದರೆ ಮತ್ತೆ ಏಳಲು ಆಗಲಿಲ್ಲ. ಕೆಳಗಿನ ಮನೆಯ ಗಂಡಸರು ಕೆಲಸದಿಂದ ಬರುವವರೆಗೆ ಒಂದು ಗಂಟೆ ಹೊತ್ತು ಗೋಡೆಗೆ ಒರಗಿ ಕೂತಿದ್ದರು. ಸುದ್ದಿ ಕೇಳಿ ತಾಯಿಯ ತಮ್ಮ ಬಂದ. ಒಳ್ಳೆಯವನೇ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಅವನ ಮಾತನ್ನು ತಳ್ಳಿಹಾಕಬಹುದಿತ್ತು. ಇಂಥ ಹುಡುಗಿಯರಿಗೆಂದೇ ಒಂದು ಹಾಸ್ಟೆಲ್ ಇದೆ, ಎಲ್ಲ ನೆಲಮಟ್ಟದಲ್ಲೇ ಇದೆ, ಗಾಲಿಕುರ್ಚಿ ಎಲ್ಲಿ ಬೇಕಾದರೂ ಹೋಗುತ್ತದೆ, ಕೈಕೆಲಸವೂ ಕೊಡುತ್ತಾರೆ, ತಿಂಗಳಿಗೊಮ್ಮೆ ಹೋಗಿ ನೋಡಬಹುದು ಎಂದ. ಮಗಳು ಒಂದೇ ಒಂದು ಪ್ರಶ್ನೆ ಕೇಳಿದಳು: "ಬಸ್ಸಲ್ಲಿ ಎಷ್ಟು ಗಂಟೆ, ಮಾವ?" ಒಂಬತ್ತು ಗಂಟೆ ಎಂದ ಅವನು. ತಾಯಿ ಆರು ತಿಂಗಳು ಟೈಮು ಕೇಳಿದಳು. ತಮ್ಮ ಒಪ್ಪಿದ. ಆರು ತಿಂಗಳ ಮೇಲೆ ಅವನ ಕಣ್ಣೆದುರು ಎಲ್ಲೂ ನಿಲ್ಲದೆ ಮಗಳನ್ನು ಇಳಿಸಿ ಹತ್ತಿಸಬೇಕು. ಆಗದಿದ್ದರೆ ಅವನು ಹೇಳಿದ ಹಾಗೆ.

ಹಾಗೆ ಅವಳು ಜಿಮ್ಮಿಗೆ ಸೇರಿದ್ದು. ಅಲ್ಲಿನ ಕೋಚ್ ಮೊದಲ ದಿನ 'ಆಂಟಿ' ಎಂದು ಬೈಸಿಕೊಂಡು, ಎರಡನೆಯ ದಿನದಿಂದ 'ಅಕ್ಕ' ಎನ್ನತೊಡಗಿದ. ಎತ್ತಲು ತೋಳು, ಸೊಂಟ, ತೊಡೆ ಗಟ್ಟಿಯಾಗಬೇಕು, ಹತ್ತಲು ದಮ್ಮು ಬೇಕು, ಎರಡನ್ನೂ ಒಂದೇ ದಿನ ಮಾಡಲು ಹೋದರೆ ಎರಡೂ ಕೆಡುತ್ತವೆ ಎಂದು ಅವನು ಲೆಕ್ಕ ಹಾಕಿಕೊಟ್ಟ: ಮೂರು ದಿನ ಭಾರದ ಕಂಬಿ ಎತ್ತುವುದು, ಮೂರು ದಿನ ಸೈಕಲ್, ಏಳನೆಯ ದಿನ ಪೂರ್ತಿ ವಿಶ್ರಾಂತಿ. ವಿಶ್ರಾಂತಿಯ ದಿನ ಅವಳು ವಾರದ ಬಟ್ಟೆ ಒಗೆದು, ಮನೆ ಒರೆಸಿ, ಮಗಳ ತಲೆಗೆ ನೀರು ಹಾಕಿ, ಉಪ್ಪುಮೂಟೆ ಹೊತ್ತು ಪಾರ್ಕಿಗೆ ಹೋಗಿ ಬರುತ್ತಿದ್ದಳು. ಉಳಿದ ಆರು ದಿನ ಬೆಳಗ್ಗೆ ಕಸರತ್ತು, ಆಮೇಲೆ ಅಡುಗೆ, ಮಗಳ ಮಧ್ಯಾಹ್ನದ ಊಟ ಡಬ್ಬಿಗೆ, ಒಂಬತ್ತಕ್ಕೆ ಅಂಗಡಿ.

ಅವಳ ಕೆಲಸ ಹಾರ್ಡ್‌ವೇರ್ ಅಂಗಡಿಯಲ್ಲಿ. ಮೊಳೆ, ಸ್ಕ್ರೂ, ಸರಪಳಿ, ತಂತಿ ಎಲ್ಲ ತೂಕದ ಮೇಲೆ ಹೋಗುವ ಸಾಮಾನು. ಇಪ್ಪತ್ತು ವರ್ಷ ತೂಗಿ ತೂಗಿ ಅವಳ ಕೈಯೇ ತಕ್ಕಡಿಯಾಗಿತ್ತು. ಕಾಲು ಕಿಲೋ ಮೊಳೆ ಎಂದರೆ ಡಬ್ಬದೊಳಗೆ ಕೈಹಾಕಿ ಒಂದು ಹಿಡಿ ತೆಗೆಯುತ್ತಿದ್ದಳು. ತಟ್ಟೆಗೆ ಸುರಿದರೆ ಮುಳ್ಳು ಕಾಲು ಕಿಲೋದ ಗೆರೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ಹೊಸ ಗಿರಾಕಿಗಳ ಜೊತೆ ಯಜಮಾನರು ಅವಳ ಕೈತೂಕದ ಮೇಲೆ ಚಹಾ ಪಂಥ ಕಟ್ಟುತ್ತಿದ್ದರು, ಇವತ್ತಿನವರೆಗೂ ಸೋತಿರಲಿಲ್ಲ.

ಎರಡನೆಯ ತಿಂಗಳ ಕೊನೆಗೆ ಮೆಟ್ಟಿಲು ಸಲೀಸಾಯಿತು. ಮೂರನೆಯ ತಿಂಗಳು ಹನ್ನೊಂದನೆಯ ಮೆಟ್ಟಿಲು ಬಂದದ್ದೇ ಗೊತ್ತಾಗಲಿಲ್ಲ. ಬೆನ್ನ ಮೇಲಿನ ಮಗಳು ದಿನದಿನಕ್ಕೆ ಹಗುರವಾಗುತ್ತಿದ್ದಾಳೆ ಎನ್ನಿಸಿದಾಗಲೆಲ್ಲ ತಾಯಿಗೆ ತನ್ನ ತೋಳುಗಳ ಮೇಲೆ ಪ್ರೀತಿ ಉಕ್ಕುತ್ತಿತ್ತು. ಜಿಮ್ಮಿನಲ್ಲಿ ಮಾತ್ರ ಕಂಬಿ ನಲವತ್ತೆರಡು ಕಿಲೋಕ್ಕೆ ಬಂದು ಕೂತುಬಿಟ್ಟಿತ್ತು. ನಲವತ್ತೈದು ಹಾಕಿದರೆ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಮಗಳು ಐವತ್ತೊಂದು ಕಿಲೋ ಇದ್ದಾಳೆ, ಅವಳನ್ನು ಹೂವಿನ ಹಾಗೆ ಹೊರುತ್ತೇನೆ, ನಿಮ್ಮ ಕಂಬಿಯಲ್ಲೇ ಏನೋ ಮೋಸ ಇರಬೇಕು ಎಂದು ಅವಳು ಕೋಚನ್ನು ರೇಗಿಸುತ್ತಿದ್ದಳು. "ಕಂಬಿ ಸುಳ್ಳು ಹೇಳಲ್ಲ ಅಕ್ಕ," ಎಂದು ಅವನು ನಗುತ್ತಿದ್ದ.

ಮನೆಯಲ್ಲಿ ಇನ್ನೊಂದು ಬದಲಾವಣೆಯಾಗಿತ್ತು. ಮೆಟ್ಟಿಲಿನ ಬುಡದಲ್ಲಿ ಮಲಗುವ ಬೀದಿನಾಯಿಯೊಂದಿತ್ತು. ಪಕ್ಕೆಲುಬು ಎಣಿಸಬಹುದಾದಷ್ಟು ಸೊರಗಿದ್ದರಿಂದ ಮಗಳು ಅದಕ್ಕೆ ಬಡವ ಎಂದು ಹೆಸರಿಟ್ಟಿದ್ದಳು. ಈಗ ಬಡವ ಉಂಡಾಡಿ ಗುಂಡನಾಗಿದ್ದ. ಯಾರ ಮನೆಯ ಪುಣ್ಯವೋ ಎಂದುಕೊಂಡು ತಾಯಿ ಅವನನ್ನು ದಾಟಿ ಹೋಗುತ್ತಿದ್ದಳು. ರಾತ್ರಿಯ ಊಟಕ್ಕೆ ಮಗಳು ಎರಡು ತುತ್ತು ತಿಂದು, ಮಧ್ಯಾಹ್ನದ್ದೇ ಇನ್ನೂ ಕರಗಿಲ್ಲ ಎನ್ನುತ್ತಿದ್ದಳು. ಡಬ್ಬಿ ತೊಳೆದು ಬೋರಲು ಹಾಕಿರುತ್ತಿದ್ದಳು. ಕೂತಲ್ಲೇ ಕೂರುವವಳಿಗೆ ಹಸಿವೆಲ್ಲಿಂದ ಬರಬೇಕು ಎಂದು ತಾಯಿಯೂ ಒಪ್ಪಿಕೊಂಡಿದ್ದಳು. ಚಳಿ ಎಂದು ಮಗಳು ಸದಾ ಅಪ್ಪನ ದೊಗಲೆ ಸ್ವೆಟರ್ ಹಾಕಿಕೊಂಡಿರುತ್ತಿದ್ದಳು.

ಆರನೆಯ ತಿಂಗಳ ಕೊನೆಯ ಬುಧವಾರ ತಮ್ಮ ಬಂದ. ತಾಯಿ ಅಂಗಡಿಗೆ ಮಧ್ಯಾಹ್ನದವರೆಗೆ ರಜೆ ಹಾಕಿದ್ದಳು. ಮಗಳನ್ನು ಬೆನ್ನಿಗೇರಿಸಿಕೊಂಡು ಮೂವತ್ತನಾಲ್ಕು ಮೆಟ್ಟಿಲು ಇಳಿದಳು, ತಿರುಗಿದಳು, ಹತ್ತಿದಳು. ಮೇಲೆ ಬಂದು ನಿಂತಾಗ ತಮ್ಮನಿಗಿಂತ ಅವಳ ಉಸಿರೇ ನೆಟ್ಟಗಿತ್ತು. "ಗೆದ್ದೆ ಬಿಡು, ಅಕ್ಕ," ಎಂದ ಅವನು. ಹೊರಡುವಾಗ ಮಾತ್ರ, ಹುಡುಗಿ ಯಾಕೋ ಸೊರಗಿದ್ದಾಳಲ್ಲ ಎಂದ. ಅವಳ ಮುಖ ಅವರಪ್ಪನದು, ಉದ್ದ ಮುಖ ಎಂದಳು ತಾಯಿ.

ತಮ್ಮನನ್ನು ಬಸ್ಸಿಗೆ ಕಳಿಸಿ, ಗಡಿಯಾರಗಳನ್ನು ಕೊಡಲು ಮಗಳನ್ನು ಮತ್ತೆ ಇಳಿಸಿ ಕುರ್ಚಿ ತಳ್ಳಿಕೊಂಡು ಹೊರಟವಳು ದಾರಿಯಲ್ಲಿ ತನ್ನ ಅಂಗಡಿಗೆ ತಿರುಗಿದಳು. ಹೇಳಿಕೊಳ್ಳದಿದ್ದರೆ ಗೆದ್ದದ್ದಕ್ಕೆ ಏನರ್ಥ? ಯಜಮಾನರಿಗೆ ಖುಷಿಯಾಯಿತು. ಹೊತ್ತ ಭಾರ ಎಷ್ಟೆಂದು ನೋಡೇಬಿಡೋಣ ಎಂದು ಮೂಟೆ ತೂಗುವ ದೊಡ್ಡ ತಕ್ಕಡಿಯ ಹಲಗೆಯನ್ನು ಅವರೇ ಒರೆಸಿದರು. "ಮೊದಲು ಕೈತೂಕ ಹೇಳಮ್ಮ, ಆಮೇಲೆ ಕೂರಿಸು. ಚಹಾ ನನ್ನದು," ಎಂದರು.

"ಬೇಡಮ್ಮ," ಎಂದಳು ಮಗಳು. "ಮನೆಗೆ ಹೋಗೋಣ."

"ನಾಚಿಕೆ ಎಂಥದ್ದು? ಐವತ್ತೊಂದು," ಎಂದು ತಾಯಿ ಅವಳನ್ನು ಎತ್ತಿ ಹಲಗೆಯ ಮೇಲೆ ಕೂರಿಸಿದಳು.

ಮುಳ್ಳು ನಲವತ್ತರಲ್ಲಿ ನಿಂತಿತು. ಯಜಮಾನರು ತಕ್ಕಡಿಯನ್ನು ಒಮ್ಮೆ ಒದ್ದರು. ಮುಳ್ಳು ನಡುಗಿ ಮತ್ತೆ ನಲವತ್ತಕ್ಕೇ ಬಂತು. ತುಕ್ಕು ಹಿಡಿದಿರಬೇಕು ಎಂದರು. ಅದಕ್ಕೆ ತುಕ್ಕು ಹಿಡಿದಿಲ್ಲವೆಂದು ತಾಯಿಗೆ ಗೊತ್ತಿತ್ತು. ದಿನಾ ಬೆಳಗ್ಗೆ ಅದನ್ನು ಸರಿನೋಡುವವಳು ಅವಳೇ. ಮಗಳು ತಲೆ ತಗ್ಗಿಸಿ ಸ್ವೆಟರಿನ ತೋಳು ಎಳೆದುಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಹತ್ತು ಗ್ರಾಮೂ ತಪ್ಪದ ಕೈ ಹೆತ್ತ ಮಗಳ ವಿಷಯದಲ್ಲಿ ಹನ್ನೊಂದು ಕಿಲೋ ತಪ್ಪಿತ್ತು.

ಗಡಿಯಾರದ ಅಂಗಡಿಗೆ ಹೋಗದೆ ಇಬ್ಬರೂ ಮನೆಗೆ ಬಂದರು. ಮಧ್ಯಾಹ್ನ ಒಂದು ಗಂಟೆ. ಬಡವ ಅವರ ಮನೆಯ ಕಿಟಕಿಯ ಕೆಳಗೆ ಕತ್ತೆತ್ತಿ ಕೂತಿದ್ದ. ಪಕ್ಕದಲ್ಲೇ ಬಂದವರ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಎರಡನೆಯ ಮಹಡಿಯ ಕಿಟಕಿಯ ಮೇಲಿತ್ತು. ತರಕಾರಿಯವನು ಬಂದಾಗ ಮಗಳು ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿ ಆ ಕಿಟಕಿಯಲ್ಲಿರುತ್ತಿತ್ತು. ಮೇಲೆ ಹೋಗಿ ನೋಡಿದರೆ ಬುಟ್ಟಿಯ ಹೆಣಿಗೆಯಲ್ಲಿ ಒಣಗಿದ ಅನ್ನದ ಅಗುಳುಗಳಿದ್ದವು.

"ಎಷ್ಟು ದಿನದಿಂದ?" ಎಂದು ಕೇಳಿದಳು ತಾಯಿ.

"ನೀನು ಜಿಮ್ಮಿಗೆ ಸೇರಿದ ಮುಂದಿನ ವಾರದಿಂದ." ಮಗಳು ಮೇಜಿನ ಮೇಲಿನ ಸಣ್ಣ ಸ್ಕ್ರೂಗಳನ್ನು ಒಂದು ಕಡೆ ಸರಿಸಿದಳು. "ನೀನೊಬ್ಬಳೇ ಎಷ್ಟಂತ ಕಷ್ಟಪಡ್ತೀಯ? ನೀನು ಆ ಕಡೆಯಿಂದ ಬಾ, ನಾನು ಈ ಕಡೆಯಿಂದ ಬರ್ತೀನಿ ಅಂದುಕೊಂಡೆ. ಮಧ್ಯದಲ್ಲಿ ಎಲ್ಲಾದರೂ ಸಿಗ್ತೀವಲ್ಲ."

ತಾಯಿಗೆ ಬೈಯಬೇಕೆನ್ನಿಸಿತು, ಆಗಲಿಲ್ಲ. ಹಸಿದ ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ತನ್ನ ತೋಳನ್ನು ತಾನೇ ಮೆಚ್ಚಿಕೊಂಡಿದ್ದಕ್ಕೆ ಅವಳಿಗೆ ಸಾಯುವಷ್ಟು ನಾಚಿಕೆಯಾಯಿತು. ನಲವತ್ತೆರಡು ಅವಳು ಎತ್ತಬಲ್ಲ ಭಾರ. ಮಗಳು ಹೊಟ್ಟೆ ತುಂಬ ಉಂಡರೆ ಐವತ್ತೊಂದು. ಈ ಲೆಕ್ಕಕ್ಕೆ ತಕ್ಕಡಿ ಬೇಕಾಗಿರಲಿಲ್ಲ.

ಅವಳು ಬಾಗಿಲ ಬಳಿ ನಿಂತು ತಮ್ಮನಿಗೆ ಫೋನು ಮಾಡಿದಳು. ಆ ಹಾಸ್ಟೆಲಿನಲ್ಲಿ ಜಾಗ ಇದೆಯಾ ಕೇಳು ಎಂದಳು. ಅವನಿನ್ನೂ ಬಸ್ಸಿನಲ್ಲೇ ಇದ್ದ. ಬೆಳಗ್ಗೆ ತಾನೇ ಕಣ್ಣಾರೆ ನೋಡಿದೆನಲ್ಲ ಎಂದ. "ನಾನು ತೂಗಿದ್ದು ತಪ್ಪಾಗಿತ್ತು," ಎಂದು ಇಟ್ಟಳು. ಆಮೇಲೆ ಕೈತೊಳೆದು, ತಟ್ಟೆಗೆ ಅನ್ನ ಬಡಿಸಿ, ಕಲಸಿ, ಚಿಕ್ಕವಳಿಗೆ ಕೊಡುವಂತೆ ತುತ್ತು ಮಾಡಿ ಕೊಟ್ಟಳು. ಮಗಳು ಬಾಯಿ ತೆರೆಯಲಿಲ್ಲ.

"ನಾನು ತಿಂದರೆ ಹೋಗಬೇಕಾಗತ್ತೆ, ಅಮ್ಮ."

"ಗೊತ್ತು. ತಿನ್ನು."

ಐದು ವಾರಕ್ಕೆ ಜಾಗ ಸಿಕ್ಕಿತು. ಆ ಐದು ವಾರ ತಾಯಿ ಮಧ್ಯಾಹ್ನ ಅಂಗಡಿಯಿಂದ ಓಡಿ ಬಂದು, ಎದುರಿಗೆ ಕೂತು ಉಣ್ಣಿಸಿ, ಮತ್ತೆ ಓಡಿಹೋಗುತ್ತಿದ್ದಳು. ಮಗಳ ಕೆನ್ನೆಗೆ ಬಣ್ಣ ಬಂತು. ಬುಧವಾರದಿಂದ ಭಾನುವಾರಕ್ಕೆ, ಭಾನುವಾರದಿಂದ ಬುಧವಾರಕ್ಕೆ ಉಪ್ಪುಮೂಟೆ ಭಾರವಾಗುತ್ತ ಹೋಯಿತು. ಈಗ ತಾಯಿಯ ಕೈ ತಪ್ಪಲಿಲ್ಲ. ಅರ್ಧ ಕಿಲೋ ಕೂಡಿದರೂ ತಿಳಿಯುತ್ತಿತ್ತು, ತಿಳಿದಾಗಲೆಲ್ಲ ಒಂದು ಕಣ್ಣು ನಕ್ಕು ಇನ್ನೊಂದು ಅಳುತ್ತಿತ್ತು. ಐದನೆಯ ಭಾನುವಾರ ಹನ್ನೊಂದನೆಯ ಮೆಟ್ಟಿಲಿನಲ್ಲಿ ಕೂರಲೇಬೇಕಾಯಿತು. ಇಬ್ಬರೂ ಕೂತರು. ನಲವತ್ನಾಲ್ಕೂವರೆ ಎಂದಳು ತಾಯಿ. ಮಗಳು ಅವಳ ಬೆವರು ಒರೆಸಿದಳು.

ಹೊರಡುವ ದಿನ ಸೈಕಲ್ಲಿನ ಸರದಿ. ಪೆಟ್ಟಿಗೆ ಬಾಗಿಲ ಬಳಿ ಇತ್ತು, ತಮ್ಮ ಎಂಟು ಗಂಟೆಗೆ ಕಾರು ತರುವವನಿದ್ದ. ಇವತ್ತು ಬೇಡ ಎಂದುಕೊಂಡಿದ್ದ ತಾಯಿಯನ್ನು ಮಗಳೇ ಎಬ್ಬಿಸಿದಳು. ಐವತ್ತೊಂದು ಎತ್ತಿದ ದಿನ ಬಂದು ನನ್ನ ಕರಕೊಂಡು ಹೋಗು, ಅಲ್ಲಿವರೆಗೆ ಒಂದು ದಿನವೂ ತಪ್ಪಿಸಬೇಡ ಎಂದಳು. ತಾಯಿ ಹೂಂ ಎಂದಳು. ನಲವತ್ತೆರಡರ ಮೇಲೆ ಕಂಬಿ ಏಳುವ ವಯಸ್ಸು ಇದಲ್ಲ ಎಂದು ಕೋಚ್ ಮೊನ್ನೆ ಮೆತ್ತಗೆ ಹೇಳಿದ್ದನ್ನು ಅವಳು ಹೇಳಲಿಲ್ಲ.

ಏಳು ಸುತ್ತು ಮುಗಿದವು. ಮಗಳ ಮೇಜು ಖಾಲಿಯಾಗಿತ್ತು, ಸಮಯ ನೋಡುವ ಗಡಿಯಾರವೊಂದೇ ಅವಳ ಅಂಗೈಯಲ್ಲಿತ್ತು. ಕೆಳಗೆ ಬಡವ ಯಾವುದೋ ವಾಹನಕ್ಕೆ ಬೊಗಳಿದ.

"ತುಳಿ," ಎಂದಳು ಮಗಳು.

ತಾಯಿ ತುಳಿದಳು. ಚಕ್ರ ಗುಂಯ್ ಎಂದಿತು, ಲೋಟಗಳು ನಡುಗಿದವು. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು, ನಲವತ್ತೂ ಆಯಿತು. ತೊಡೆ ಉರಿಯತೊಡಗಿದಾಗ ತಾಯಿಗೆ ತಿಳಿಯಿತು, ನಲವತ್ತು ಯಾವಾಗಲೋ ದಾಟಿದೆ. ಅವಳು ಕತ್ತು ತಿರುಗಿಸಿದಳು. ಮಗಳು ಅಂಗೈಯಲ್ಲಿನ ಗಡಿಯಾರವನ್ನೇ ನೋಡುತ್ತಿದ್ದಳು, ತುಟಿ ಬಿಗಿದುಕೊಂಡಿದ್ದಳು. ಬಿಡು ಎನ್ನಲಿಲ್ಲ. ತಾಯಿ ಮುಂದಕ್ಕೆ ತಿರುಗಿ ತುಳಿಯುತ್ತಲೇ ಇದ್ದಳು.