ಹಗೇವಿನಲ್ಲಿ ಅಡಗಿದವನು

ಟಣ್ — ಸ್ಟೀಲಿನ ಬಟ್ಟಲಿಗೆ ಏನೋ ಬಿದ್ದ ಸಣ್ಣ ಸದ್ದು, ನಿನ್ನೆ ರಾತ್ರಿಯೂ ಕೇಳಿತ್ತು, ಅದರ ಹಿಂದೆಯೇ ಒತ್ತಿ ಹಿಡಿದ ನಗೆ, ನಿಷತ ಕತ್ತಲಲ್ಲಿ ಕಣ್ಣು ಬಿಟ್ಟಳು, ಫ್ಯಾನು ತಿರುಗುತ್ತಿದೆ, ಸಿಂದಗಿ ಬಸ್‌ಸ್ಟ್ಯಾಂಡಿನ ಹಾರ್ನುಗಳೂ ನಿಂತಿವೆ, ಈ ನಗೆ ಮಾತ್ರ ನಿಂತಿಲ್ಲ — ಮಗ ಸಾಹಿಲ ಫೋನಿನಲ್ಲಿದ್ದಾನೆ, ಮತ್ತೇನು, ಯಾವುದೋ ಹುಡುಗಿ, ದಿನಾ ರಾತ್ರಿ ಗುಸುಗುಸು, ಹಾಗೆಂದು ತೀರಿಹೋದ ಗಂಡನ ಅಣ್ಣ ಮಲಿಕಸಾಬರಿಗೆ ಅವಳೇ ಹೇಳಿದ್ದು, ಅಳೆದು ತೂಗಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳ ಮಾತು, ಅವರು ನಂಬದೆ ಇರುತ್ತಾರೆಯೇ, ಹಂಗಾದ್ರ ಅವನ್ನ ಇಲ್ಲಿ ಇಡಬ್ಯಾಡ್ರಿ, ನಾಳೆ ಮುಂಜಾನಿ ಚಡಚಣಕ್ಕ ಕರ್ಕೊಂಡ ಹೋಗ್ತೇನಿ, ನಮ್ಮ ಒಣದ್ರಾಕ್ಷಿ ಶೆಡ್ಡಿನ್ಯಾಗ ಎರಡ ವರ್ಷ ಕಡ್ಡಿ ಆರಿಸ್ಲಿ, ಹುಚ್ಚ ತಾನ ಇಳೀತೈತಿ ಎಂದಿದ್ದರು ಭಾವ — ಯಾರ ಜೋಡಿ ಮಾತಾಡ್ತೀಯೋ ಎಂದು ಕೇಳಿದರೆ ಸಾಹಿಲ ಆಯಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ, ಆಯಿ, ಅಂದರೆ ಅತ್ತೆ ಶಮ್ಶುನ್ನೀಸಾ, ತುಟಿ ಬಿಗಿದು ತಸ್ಬಿಯ ಮಣಿ ಸರಿಸುತ್ತಲೇ ಇದ್ದರು, ಆ ತುಟಿ ಸಡಿಲಾದದ್ದನ್ನು ಸೊಸೆ ಎಂದೂ ಕಂಡಿಲ್ಲ, ಹಲ್ಲಿನ ಸೆಟ್ಟು ಹಾಕಿಕೊಳ್ಳದೆ ಅವಳೆದುರು ಚಹಾ ಕೂಡ ಕುಡಿಯದವರು, ಸಾಹಿಲನ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿದೆ, ಇಂಗ್ಲಿಷಿನಲ್ಲೇ ಫೇಲಾದ ಇಂಗ್ಲಿಷ್ ಮೇಡಂ ಮಗ, ಗೆಳೆಯನ ನಿಂಬೆಹಣ್ಣಿನ ಗಾಡಿಯಲ್ಲಿ ಇಂಡಿಗೂ ಮುದ್ದೇಬಿಹಾಳಕ್ಕೂ ತಿರುಗುವವನು, ಅವನಿಗೆ — ಮತ್ತೆ ನಗೆ, ಇವತ್ತು ಹಿಡಿದೇ ಬಿಡಬೇಕು.

ಬರಿಗಾಲು, ತಣ್ಣನೆಯ ಫರ್ಶಿ ನೆಲ, ಸಾಹಿಲನ ಹಾಸಿಗೆ ಖಾಲಿ, ಫೋನು ಚಾರ್ಜಿನಲ್ಲಿ ಬಿದ್ದಿದೆ, ಬೆಳಕಿರುವುದು ಅತ್ತೆಯ ಕೋಣೆಯಲ್ಲಿ, ಅರೆತೆರೆದ ಬಾಗಿಲು, ಸಾಹಿಲನ ತೊಡೆಯ ಮೇಲೆ ಆ ದಪ್ಪ ಪುಸ್ತಕ, ಅವಳದೇ, ಧಾರವಾಡದಲ್ಲಿ ಎಂ.ಎ. ಓದುವಾಗ ಕೊಂಡದ್ದು, ಮನೆಯಿಂದ ಹೊರಹಾಕಿಸಿಕೊಂಡ ಹುಡುಗನೊಬ್ಬ ಊರೂರು ಅಲೆದು, ಎಡವಿ, ದೊಡ್ಡವನಾಗುವ ಹಳೆಯ ಇಂಗ್ಲಿಷ್ ಕಾದಂಬರಿ, ಅದರ ಹಾಸ್ಯದ ಲಕ್ಷಣಗಳನ್ನು ವರ್ಷವರ್ಷವೂ ಬರೆಸಿದ್ದಾಳೆ, ಕ್ಲಾಸಿನಲ್ಲಿ ಯಾರೂ ನಕ್ಕದ್ದಿಲ್ಲ, ಅವಳೂ ನಕ್ಕಿಲ್ಲ — ಸಾಹಿಲ ಸಾಲಿನ ಮೇಲೆ ಬೆರಳಿಟ್ಟು ತುಟಿ ಅಲುಗಿಸುತ್ತಾನೆ, ಆಮೇಲೆ ತಲೆ ಎತ್ತುತ್ತಾನೆ, ಕೇಳ ಆಯಿ, ಮಸೂತಿ ಗೌಡನ ಗಾಡಿ ಬಾಗಲಿಗೆ ಬಂದ ನಿಂತಿತು, ನಮ್ಮ ಹುಡುಗಗ ಓಡಾಕ ದಾರಿಲ್ಲ, ಖಾನಾವಳಿ ಆಕೀದೊಂದು ಸೀರಿ ಸುತ್ಗೊಂಡ ಹಗೇವಿನ್ಯಾಗ ಇಳದ — ಪುಸ್ತಕದ ಜಮೀನ್ದಾರ ಮಸೂತಿ ಊರಿನ ಗೌಡನಾಗಿದ್ದಾನೆ, ಇಂಗ್ಲೆಂಡಿನಲ್ಲಿ ಹಗೇವು, ನೆಲದೊಳಗೆ ಜೋಳ ತುಂಬಿಡುವ ಹಗೇವು, ಪುಸ್ತಕದಲ್ಲಿ ಅವನು ಅಡಗುವುದು ಕಪಾಟಿನಲ್ಲಲ್ಲವೇ — ಅತ್ತೆ ಮೊಣಕೈ ಊರಿ ಎದ್ದರು, ಹಗೇವಿನ್ಯಾಗ ಉಸರ ಕಟ್ಟತೈತಲೋ ಖೋಡಿ, ಮ್ಯಾಲಿನ ಕಲ್ಲರ ಸರಿಸಿಟ್ಟಿದ್ನಿಲ್ಲ, ಸರಿಸಿದ್ದ ಆಯಿ, ಆದ್ರ ಸೆರಗ ಹೊರಗ ಉಳದಿತ್ತು, ಗೌಡ ಅದನ್ನ ಹಿಡದ ಜಗ್ಗಿದ — ಅತ್ತೆಯ ಬಾಯಿ ತೆರೆಯಿತು, ಒಂದೂ ಹಲ್ಲಿಲ್ಲ, ಕೂಸಿನ ವಸಡು, ಹಲ್ಲುಗಳು ಪಕ್ಕದ ಬಟ್ಟಲ ನೀರಿನಲ್ಲಿವೆ, ಆ ಟಣ್ ಎಂದದ್ದು ಇದೇ, ಓಢಣಿ ಬಾಯಿಗೆ ತುರುಕಿಕೊಂಡು ನಗುತ್ತಿದ್ದಾರೆ, ಸಾಕ ಮಾಡೋ, ನಿಮ್ಮ ಅಮ್ಮಿಗಿ ಕೇಳತೈತಿ, ನನ್ನ ಬಾಯಿ ಹಿಂಗ ನೋಡಿದ್ರ ಆಕಿ ಮುಂದ ನನ್ನ ಕಿಮ್ಮತ್ತ ಉಳೀತೈತೇನ, ಹೇಳಂಗಿಲ್ಲ ಆಯಿ, ಆಣಿ ಮಾಡೇನಲ್ಲ, ಚಡಚಣಕ್ಕ ಒಯ್ದ್ರೂ ಹೇಳಂಗಿಲ್ಲ, ಅತ್ತೆ ಕಣ್ಣೊರೆಸಿಕೊಂಡರು, ನೀ ಹೋದ್ರ ಈ ಪುಸ್ತಕದಾಗಿನ ಹುಡುಗಂದ ಮುಂದಿಂದ ಯಾರ ಹೇಳ್ತಾರೋ, ಇವನ್ನ ಮನಿ ಬಿಡಿಸಿದವರ ಯಾರಂತರ ಗೊತ್ತಾತೇನ, ಇನ್ನಾ ಇಲ್ಲ ಆಯಿ, ಯಾರೋ ಚಾಡಿ ಹೇಳ್ಯಾರ — ಚಾಡಿ ಹೇಳಿದವರ ಸ್ವಭಾವವನ್ನು ವಿವೇಚಿಸಿ ಎಂದು ಪರೀಕ್ಷೆಗೆ ಪ್ರಶ್ನೆ ತೆಗೆದದ್ದೇ ಅವಳು, ಎಷ್ಟು ಸಲ, ಆದರೂ ಆ ಹೊರಗುಳಿದ ಸೆರಗು, ಜಗ್ಗುವ ಗೌಡ, ನಗೆ ಉಕ್ಕಿ ಬರುತ್ತಿದೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು, ಹಿಂದಕ್ಕೆ ಸರಿದಳು, ಬಾಗಿಲ ಬಳಿ ಕೂತು ಚೀಲದ ಗಂಟು ಬಿಚ್ಚಿದಳು, ಅಂಗಿಗಳನ್ನು ಒಂದೊಂದಾಗಿ ತೆಗೆದಳು, ಮುಂಜಾನೆ ಹೇಳುವುದು ಇಷ್ಟೇ, ಭಾವಾರ, ನಾ ತಪ್ಪ ತಿಳಕೊಂಡಿದ್ದೆ, ಅಂವ ಎಲ್ಲಿಗೂ ಬರಾಂಗಿಲ್ರಿ, ಹಂಗಾದ್ರ ರಾತ್ರಿ ಯಾರ ಜೋಡಿ ನಗ್ತಿದ್ದ ಎಂದು ಅವರು ಕೇಳೇ ಕೇಳುತ್ತಾರೆ, ಕೇಳಲಿ, ತೂಗಿ ಮಾತಾಡುವವಳೆಂಬ ಹೆಸರು ಹೋದರೆ ಹೋಗಲಿ, ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ, ಭಾವನಿಗೆ ಇಲ್ಲ, ಸಾಹಿಲನಿಗೆ ಇಲ್ಲ, ನಾಳೆ ತುಟಿ ಬಿಗಿದು ಕೂರುವ ಅತ್ತೆಗಂತೂ ಇಲ್ಲವೇ ಇಲ್ಲ — ಸ್ಟೀಲಿನ ಬಟ್ಟಲು, ನೀರು, ನೀರಿನಲ್ಲಿ ಆ ಹಲ್ಲು.